ಪಟ್ಟೆ ನೋಡಿ ಪ್ರಾಣಿ ಓಡುತ್ತದೆಯೇ?



2013ರಲ್ಲಿ ಆಸ್ಟ್ರೇಲಿಯಾದ ಪಶ್ಚಿಮ ಕರಾವಳಿಯಲ್ಲಿ ಕಡಲಿಗಿಳಿಯುವವರಿಗಾಗಿ ಎರಡು ಹೊಸ ದಿರಿಸುಗಳು ಬಂದವು. ತಣ್ಣೀರಿನಲ್ಲಿ ಮೈ ಬೆಚ್ಚಗಿರಲೆಂದು ತೊಡುವ ರಬ್ಬರಿನಂಥ ಬಿಗಿ ಉಡುಪಿಗೆ ವೆಟ್‌ಸೂಟ್ ಎನ್ನುತ್ತಾರೆ. ಎರಡೂ ಅಂಥವೇ. ಒಂದರ ಮೈತುಂಬ ನೀಲಿ ಬಿಳಿಯ ಅಲೆ ಅಲೆ ಚಿತ್ತಾರ. ತೊಟ್ಟವನು ನೀರಿನ ಬೆಳಕಿನಲ್ಲಿ ಬೆರೆತುಹೋಗಿ ಶಾರ್ಕ್ ಮೀನಿನ ಕಣ್ಣಿಗೆ ಬೀಳಬಾರದು ಎಂಬುದು ಅದರ ಲೆಕ್ಕ. ಇನ್ನೊಂದರ ಮೇಲೆ ಅಡ್ಡಡ್ಡಕ್ಕೆ ಕಪ್ಪು ಬಿಳುಪಿನ ದಪ್ಪ ಪಟ್ಟೆ. ಅದರ ಲೆಕ್ಕ ಇದಕ್ಕೆ ತದ್ವಿರುದ್ಧ. ಶಾರ್ಕಿಗೆ ಚೆನ್ನಾಗಿ ಕಾಣಿಸಬೇಕು, ಕಂಡು ‘ಇದು ನನ್ನ ಆಹಾರವಲ್ಲ, ಇದರ ಗೊಡವೆ ಬೇಡ’ ಎಂದು ಅದು ಸರಿದುಹೋಗಬೇಕು.

ಪುತ್ತೂರು, ಸುಳ್ಯ, ಕಡಬದ ಕೃಷಿಕರೆದುರು ಈ ಕಡಲಿನ ಸುದ್ದಿ ಯಾಕೆ ತೆಗೆದೆನೆಂದು ನಿಮಗೆ ಅನ್ನಿಸಬಹುದು. ನಮ್ಮ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಮಂಗಳೂರಿನಲ್ಲಿ ಸಮುದ್ರ ಕಾಣುತ್ತಾಳೆ. ಕಡಲಿನೊಂದಿಗೆ ನಮಗಿರುವ ನಂಟು ಅಷ್ಟೆ, ಇನ್ನು ಮೀನು ಮಾರ್ಕೆಟ್ಟಿನ ನಂಟು. ಮೂಲ್ಕಿ, ಸಸಿಹಿತ್ಲು ಕಡೆ ಹಲಗೆ ಹಿಡಿದು ಅಲೆಯ ಮೇಲೆ ಜಾರುವ ಹುಡುಗ ಹುಡುಗಿಯರಿಗೂ ಶಾರ್ಕಿನ ಭಯವಿಲ್ಲ. ಅರಬಿ ಕಡಲಿನ ಈ ಭಾಗದಲ್ಲಿ ಅದು ಮನುಷ್ಯನ ಮೇಲೆ ಎರಗುವುದು ಅಪರೂಪದಲ್ಲಿ ಅಪರೂಪ. ಆದರೆ ಪಶ್ಚಿಮ ಆಸ್ಟ್ರೇಲಿಯಾದವರು ಕೇಳಿದ ಪ್ರಶ್ನೆ ನಮ್ಮದೂ ಹೌದು. ಮೈಮೇಲಿನ ಬಣ್ಣದಿಂದ, ಗೆರೆಯಿಂದ, ಚುಕ್ಕೆಯಿಂದ ಒಂದು ಕಾಡುಜೀವಿಯನ್ನು ಹೆದರಿಸಿ ದೂರ ಇಡಬಹುದೇ? ನಮ್ಮೂರಲ್ಲಿ ಹುಲಿಗೊಂಬೆ ಕೊಂಡು ತೋಟದ ಮೂಲೆಯಲ್ಲಿ ಕಟ್ಟುವ ಕೃಷಿಕರು ಇದೇ ಪ್ರಶ್ನೆಗೆ ತಮ್ಮ ಕೈಯಾರೆ ಉತ್ತರ ಹುಡುಕುತ್ತಿದ್ದಾರೆ.

ಅವರ ಕಷ್ಟ ಸಣ್ಣದಲ್ಲ. ಅಡಿಕೆ, ತೆಂಗು, ಬಾಳೆ, ಕೊಕ್ಕೋ, ಕರಿಮೆಣಸು ಒಂದೇ ತೋಟದಲ್ಲಿ ಬೆಳೆಯುವ ನಾಡು ನಮ್ಮದು. ಬೆನ್ನಿಗೆ ಘಟ್ಟದ ಕಾಡು. ಮಂಗನ ಹಿಂಡು ಗುಡ್ಡೆಯಿಂದ ಇಳಿಯಿತೆಂದರೆ ಅದಕ್ಕೆ ಬೇಡವಾದ ಬೆಳೆ ಯಾವುದೂ ಇಲ್ಲ. ಕೊಕ್ಕೋ ಕಾಯಿಯನ್ನು ಕಚ್ಚಿ ತೂತು ಮಾಡಿ, ಬೀಜದ ಸುತ್ತಲಿನ ಸಿಹಿ ಲೋಳೆಯನ್ನು ಚೀಪಿ, ನಮಗೆ ಬೇಕಾದ ಬೀಜವನ್ನು ಉಗುಳಿ ಹೋಗುತ್ತದೆ. ಬೊಂಡವನ್ನು ತಿರುಪಿ ಕೀಳುತ್ತದೆ, ನೀರು ಕುಡಿದು ಬಿಸಾಡುತ್ತದೆ. ಎಳೆಯ ಅಡಿಕೆಯ ನಳ್ಳಿಯನ್ನು ಕಿತ್ತು ಕೆಳಗೆ ಸುರಿಯುತ್ತದೆ. ತಿಂದದ್ದಕ್ಕಿಂತ ಕೆಡಿಸಿದ್ದೇ ಹೆಚ್ಚು. 1986ರಲ್ಲಿ ಪುತ್ತೂರಿನಲ್ಲಿ ಕ್ಯಾಂಪ್ಕೊ ಚಾಕಲೇಟು ಕಾರ್ಖಾನೆ ಶುರುವಾದ ಮೇಲೆ ಅಡಿಕೆಯ ನಡುವೆ ಕೊಕ್ಕೋ ಇಟ್ಟವರಿಗೆ ಒಂದು ಆಸರೆ ಸಿಕ್ಕಿತ್ತು. ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗ ಅಡಿಕೆ ತೋಟವನ್ನೇ ನುಂಗಿದಾಗ ಉಪಬೆಳೆಯ ಆದಾಯವೇ ಎಷ್ಟೋ ಮನೆಗಳನ್ನು ಕಾಪಾಡಿತು. ಆ ಉಪಬೆಳೆಯೂ ಮಂಗನ ಪಾಲಾದರೆ ಕೃಷಿಕ ಎಲ್ಲಿಗೆ ಹೋಗಬೇಕು?

ಗರ್ನಾಲು ಸಿಡಿಸಿ ನೋಡಿದ್ದಾಯಿತು, ಕವಣೆ ಬೀಸಿದ್ದಾಯಿತು, ನಾಯಿ ಸಾಕಿದ್ದಾಯಿತು. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿ ಇದ್ದವರು ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಯಲ್ಲಿಟ್ಟು ಬರಿಗೈಯಲ್ಲಿ ಕೂರಬೇಕು. ಇಷ್ಟೆಲ್ಲ ಆದಮೇಲೆ ಬಂದದ್ದು ಹುಲಿಗೊಂಬೆ.

ನಮ್ಮ ನೆರೆಯ ತೋಟದಲ್ಲಿ ಅಂಥದೊಂದನ್ನು ಕೊಕ್ಕೋ ಗಿಡದ ಕವಲಿನಲ್ಲಿ ಕೂರಿಸಿದ್ದರು. ಕಿತ್ತಳೆ ಬಣ್ಣದ ಮಖಮಲ್ಲು ಮೈ, ಕಪ್ಪು ಪಟ್ಟೆ, ಗಾಜಿನ ಕಣ್ಣು. ಮೊದಲ ದಿನ ಹಿಂಡು ತೋಡಿನ ಆಚೆ ಬದಿಯ ಮರದಲ್ಲೇ ನಿಂತಿತು. ಒಂದು ಹಿರಿಯ ಮಂಗ ಗಂಟಲಿನಿಂದ ಒರಟಾಗಿ ಕೂಗಿದ್ದೇ ತಾಯಂದಿರು ಮರಿಗಳನ್ನು ಹೊಟ್ಟೆಗೆ ಅವಚಿಕೊಂಡು ಮೇಲಿನ ಕೊಂಬೆಗೆ ಏರಿದವು. ಮನೆಯವರಿಗೆ ಹಬ್ಬ. ಆದರೆ ಹಿಂಡು ಹಿಂದಿರುಗಿ ಹೋಗಲಿಲ್ಲ, ಅಲ್ಲೇ ಕೂತು ನೋಡುತ್ತಿತ್ತು. ಮರುದಿನವೂ ಬಂದು ನೋಡಿತು. ಬೊಂಬೆ ಕೂತಲ್ಲೇ ಕೂತಿತ್ತು, ತಲೆ ತಿರುಗಿಸಲಿಲ್ಲ, ಬಾಲ ಆಡಿಸಲಿಲ್ಲ. ಕೆಲವು ದಿನ ಕಳೆದ ಮೇಲೆ ಒಂದು ಹರೆಯದ ಗಂಡು ಅಡಿಕೆ ಮರದಿಂದ ಅಡಿಕೆ ಮರಕ್ಕೆ ಹಾರಿ ಹತ್ತಿರ ಬಂತು, ಹಿಂದಿನಿಂದ ಬಾಲವನ್ನು ಮುಟ್ಟಿ ಚಂಗನೆ ಹಿಂದೆ ಹಾರಿತು. ಏನೂ ಆಗಲಿಲ್ಲ. ಮತ್ತೊಮ್ಮೆ ಮುಟ್ಟಿತು, ಆಮೇಲೆ ಎಳೆಯಿತು. ಸಂಜೆಗೆ ಹುಲಿಯ ಹೊಟ್ಟೆಯ ಹತ್ತಿ ತೋಟದ ತುಂಬ ಹರಡಿತ್ತು.

ಇದೇ ಅನುಭವದ ಮುಂದಿನ ಹೆಜ್ಜೆಯನ್ನು 2019ರಲ್ಲಿ ತೀರ್ಥಹಳ್ಳಿ ಸೀಮೆಯ ನಾಲೂರಿನ ಕೃಷಿಕರೊಬ್ಬರು ಇಟ್ಟರು. ದೇಶದ ಪತ್ರಿಕೆಗಳಲ್ಲೆಲ್ಲ ಚಿತ್ರ ಬಂದದ್ದರಿಂದ ನಿಮಗೆ ನೆನಪಿರಬಹುದು. ಅವರು ಮೊದಲು ಹುಲಿಗೊಂಬೆಯನ್ನೇ ಇಟ್ಟಿದ್ದರು. ಬಿಸಿಲಿಗೆ ಬಣ್ಣ ಮಾಸಿತು, ಮಂಗಗಳಿಗೂ ಗುಟ್ಟು ತಿಳಿಯಿತು. ಆಗ ತಮ್ಮ ಸಾಕುನಾಯಿಯ ಮೈಮೇಲೆ ಕೂದಲಿಗೆ ಹಚ್ಚುವ ಬಣ್ಣದಿಂದ ಹುಲಿಪಟ್ಟೆ ಬರೆದು ಬೆಳಿಗ್ಗೆ, ಸಂಜೆ ತೋಟದಲ್ಲಿ ಸುತ್ತಾಡಿಸಿದರು. ಮಂಗಗಳು ಓಡಿದವು. ಜನ ಅದನ್ನು ತಮಾಷೆಯಾಗಿ ತೆಗೆದುಕೊಂಡರು. ನನಗೆ ಅದು ಒಬ್ಬ ಬುದ್ಧಿವಂತ ರೈತನ ಪ್ರಯೋಗವಾಗಿ ಕಂಡಿತು. ಬೊಂಬೆಯಲ್ಲಿ ಇಲ್ಲದ್ದು ಏನು ಎಂಬುದನ್ನು ಅವರು ಸರಿಯಾಗಿ ಹಿಡಿದಿದ್ದರು. ಬೊಂಬೆಗೆ ಪಟ್ಟೆ ಇತ್ತು, ಜೀವ ಇರಲಿಲ್ಲ. ನಾಯಿಗೆ ಜೀವವೂ ಇತ್ತು, ಬೊಗಳುವ ಬಾಯಿಯೂ ಇತ್ತು, ಅಟ್ಟಿಸಿಕೊಂಡು ಹೋಗುವ ಕಾಲೂ ಇತ್ತು. ಆದರೆ ಹೆದರಿಸಿದ್ದು ಪಟ್ಟೆಯೋ, ನಾಯಿಯೋ? ಪಟ್ಟೆ ಬರೆಯದೆ ಅದೇ ನಾಯಿಯನ್ನು ಅದೇ ಹೊತ್ತಿಗೆ ಸುತ್ತಾಡಿಸಿದ್ದರೆ ಎಷ್ಟು ಮಂಗ ಓಡುತ್ತಿತ್ತು? ಈ ಹೋಲಿಕೆ ಸಿಕ್ಕದೆ ತೀರ್ಪು ಕೊಡಲು ಆಗುವುದಿಲ್ಲ.

ಈಗ ಕಡಲಿಗೆ ಮರಳೋಣ. ಪಶ್ಚಿಮ ಆಸ್ಟ್ರೇಲಿಯಾದವರು ಆ ಉಡುಪಿಗೆ ಕೈಹಾಕಿದ್ದು ಶೋಕಿಗಲ್ಲ. 2011ರ ಸೆಪ್ಟೆಂಬರಿನಿಂದ 2012ರ ಜುಲೈ ಒಳಗೆ ಆ ಒಂದು ರಾಜ್ಯದ ಕರಾವಳಿಯಲ್ಲಿ ಐದು ಮಂದಿ ಶಾರ್ಕ್ ದಾಳಿಗೆ ಬಲಿಯಾದರು. ಹೇಮಿಶ್ ಜಾಲಿ, ಕ್ರೇಗ್ ಆಂಡರ್ಸನ್ ಎಂಬ ಇಬ್ಬರು ಉದ್ಯಮಿಗಳು ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳ ಬಳಿ ಹೋದರು. ಅಲ್ಲಿ ಶಾನ್ ಕಾಲಿನ್, ನೇಥನ್ ಹಾರ್ಟ್ ಮುಂತಾದವರು ಶಾರ್ಕಿನ ಕಣ್ಣನ್ನೇ ಅಭ್ಯಾಸ ಮಾಡುತ್ತಿದ್ದರು. ಹಾರ್ಟ್ ಮತ್ತು ಸಂಗಡಿಗರು 2011ರಲ್ಲಿ 17 ಜಾತಿಯ ಶಾರ್ಕುಗಳ ಕಣ್ಣಿನ ಪರದೆಯನ್ನು ಪರೀಕ್ಷಿಸಿ ಬರೆದ ವರದಿ ಈ ಇಡೀ ಕಥೆಗೆ ಬುನಾದಿ. ಬಣ್ಣ ಗುರುತಿಸಲು ಕಣ್ಣಿನಲ್ಲಿ ಶಂಕುವಿನಾಕಾರದ ಕೋಶಗಳು ಬೇಕು. ನಮ್ಮ ಕಣ್ಣಿನಲ್ಲಿ ಅವು ಮೂರು ಬಗೆ. ಆ 17 ಜಾತಿಗಳ ಪೈಕಿ 10ರಲ್ಲಿ ಅಂಥ ಕೋಶವೇ ಸಿಗಲಿಲ್ಲ, ಉಳಿದ 7ರಲ್ಲಿ ಇದ್ದದ್ದು ಒಂದೇ ಬಗೆ. ಎಂದರೆ ಶಾರ್ಕಿಗೆ ಬಹುಮಟ್ಟಿಗೆ ಬಣ್ಣ ಗೊತ್ತಿಲ್ಲ. ಅದು ನೋಡುವುದು ಬೆಳಕು ಮತ್ತು ಕತ್ತಲೆಯ ನಡುವಿನ ವ್ಯತ್ಯಾಸವನ್ನು. ಬಣ್ಣಕ್ಕಿಂತ ಕಪ್ಪು ಬಿಳುಪಿನ ಗಡಿ ಅದಕ್ಕೆ ಮುಖ್ಯ. ಪಟ್ಟೆಯ ಉಡುಪಿನ ಯೋಚನೆ ಹುಟ್ಟಿದ್ದು ಇಲ್ಲಿ.

ಯೋಚನೆ ಚೆನ್ನಾಗಿದೆ. ಅದು ಜೀವ ಉಳಿಸುತ್ತದೆ ಎಂದು ಸಾಧಿಸುವುದು ಮಾತ್ರ ಬಲು ಕಷ್ಟ. ಯಾಕೆಂದರೆ ಶಾರ್ಕ್ ತಾನಾಗಿ ಮನುಷ್ಯನನ್ನು ಕಚ್ಚುವ ಪ್ರಕರಣಗಳು ಇಡೀ ಜಗತ್ತಿನಲ್ಲಿ ವರ್ಷಕ್ಕೆ ನೂರನ್ನೂ ಮುಟ್ಟುವುದಿಲ್ಲ. 2023ರಲ್ಲಿ ದಾಖಲಾದದ್ದು 69. ಕೋಟಿಗಟ್ಟಲೆ ಜನ ಕಡಲಿಗಿಳಿಯುವಾಗ, ಪಟ್ಟೆಯ ಉಡುಪು ತೊಟ್ಟ ಒಬ್ಬನನ್ನು ಶಾರ್ಕ್ ಕಚ್ಚಲಿಲ್ಲ ಎಂಬುದು ಯಾವುದಕ್ಕೂ ಸಾಕ್ಷಿಯಲ್ಲ. ಬರಿಯ ಚಡ್ಡಿ ತೊಟ್ಟವನನ್ನೂ ಅದು ಕಚ್ಚಲಿಲ್ಲ. ನಮ್ಮ ತೋಟದಲ್ಲಿ ಆಗುವುದೂ ಇದೇ. ಬೊಂಬೆ ಕಟ್ಟಿದ ವಾರ ಮಂಗ ಬರಲಿಲ್ಲ ಎಂದು ನಾವು ಹಿಗ್ಗುತ್ತೇವೆ. ಆ ವಾರ ಗುಡ್ಡೆಯಲ್ಲಿ ಹಲಸು ಹಣ್ಣಾಗಿತ್ತೇ, ಹಿಂಡು ಬೇರೆ ಬರೆಯ ಕಡೆ ಹೋಗಿತ್ತೇ ಎಂದು ಯಾರೂ ವಿಚಾರಿಸುವುದಿಲ್ಲ.

ಮನುಷ್ಯನನ್ನು ಬಿಟ್ಟು ಎರೆಯನ್ನಿಟ್ಟು ಪರೀಕ್ಷಿಸಬಹುದು. ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾನಿಲಯದ ಚಾರ್ಲಿ ಹುವೆನೀರ್ಸ್ ತಂಡ 2018ರಲ್ಲಿ ಪ್ರಕಟಿಸಿದ ಪರೀಕ್ಷೆ ಹಾಗೆ ಮಾಡಿದ್ದು. ಪಟ್ಟೆಯದಲ್ಲ, ಮಾರುಕಟ್ಟೆಯಲ್ಲಿದ್ದ ಐದು ಬೇರೆ ಶಾರ್ಕ್ ನಿವಾರಕಗಳನ್ನು ಅವರು ತೂಗಿ ನೋಡಿದರು. ಅಯಸ್ಕಾಂತದ ಕೈಪಟ್ಟಿ, ಹಲಗೆಗೆ ಬಳಿಯುವ ವಾಸನೆಯ ಮೇಣ, ವಿದ್ಯುತ್ ಸ್ಪಂದನ ಬಿಡುವ ಯಂತ್ರಗಳು ಅವುಗಳಲ್ಲಿದ್ದವು. ದೊಡ್ಡ ಬಿಳಿ ಶಾರ್ಕಿನೆದುರು ಏನೂ ಇಲ್ಲದೆ ಎರೆ ಇಟ್ಟಾಗ ನೂರಕ್ಕೆ 96 ಸಲ ಅದನ್ನು ಕಬಳಿಸಿತು. ಹಲಗೆಗೆ ಅಳವಡಿಸುವ ಒಂದು ವಿದ್ಯುತ್ ಯಂತ್ರ ಇದ್ದಾಗ ಅದು 40ಕ್ಕೆ ಇಳಿಯಿತು. ಉಳಿದವುಗಳಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಶಾರ್ಕಿನ ಮೂತಿಯಲ್ಲಿ ಅತಿ ಸಣ್ಣ ವಿದ್ಯುತ್ತನ್ನೂ ಹಿಡಿಯುವ ರಂಧ್ರಗಳಿವೆ. ಬೇಟೆಯ ಸ್ನಾಯುವಿನ ಮಿಡಿತವನ್ನು ಅದು ಅವುಗಳಿಂದಲೇ ಅರಿಯುತ್ತದೆ. ಅಂಥ ಅಂಗಕ್ಕೆ ಜೋರಾಗಿ ವಿದ್ಯುತ್ ತಾಗಿಸಿದರೆ ಅದಕ್ಕೆ ಹಿಂಸೆಯಾಗುತ್ತದೆ, ಸರಿಯುತ್ತದೆ. ಆ ಹಿಂಸೆ ನಿಜ, ಬರಿಯ ವೇಷವಲ್ಲ. ಅಷ್ಟಾದರೂ ನೂರಕ್ಕೆ 40 ಸಲ ಅದು ಎರೆ ಬಿಡಲಿಲ್ಲ ಎಂಬುದನ್ನೂ ಗಮನಿಸಿ.

ಕಣ್ಣನ್ನು ಮೋಸಗೊಳಿಸುವ ದಾರಿ ಮುಚ್ಚಿಹೋಯಿತೇ? ಇಲ್ಲ. ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾನಿಲಯದ ಲಾರಾ ರಯನ್ ಮತ್ತು ತಂಡ 2021ರಲ್ಲಿ ಒಂದು ಮಾತು ಹೇಳಿತ್ತು: ಕೆಳಗಿನಿಂದ ನೋಡುವ ಬಿಳಿ ಶಾರ್ಕಿಗೆ ಹಲಗೆಯ ಮೇಲೆ ಮಲಗಿ ಕೈಬೀಸುವ ಮನುಷ್ಯನಿಗೂ ಈಜುವ ಸೀಲ್ ಪ್ರಾಣಿಗೂ ವ್ಯತ್ಯಾಸ ತಿಳಿಯಲಿಕ್ಕಿಲ್ಲ. ಮೇಲೆ ಆಕಾಶದ ಬೆಳಕು, ನಡುವೆ ಒಂದು ಕಪ್ಪು ಆಕಾರ, ಅದಕ್ಕೆ ಕಾಣುವುದು ಅಷ್ಟೆ. 2024ರಲ್ಲಿ ಅದೇ ತಂಡ ದಕ್ಷಿಣ ಆಫ್ರಿಕದ ಮಾಸೆಲ್ ಬೇ ಎಂಬಲ್ಲಿ ಸೀಲ್ ಆಕಾರದ ಹಲಗೆಗಳ ಹೊಟ್ಟೆಗೆ ಎಲ್‌ಇಡಿ ದೀಪ ಹೊಂದಿಸಿ ದೋಣಿಯ ಹಿಂದೆ ಎಳೆದು ನೋಡಿತು. ದೀಪದ ಸಾಲು ಚಲನೆಗೆ ಅಡ್ಡವಾಗಿದ್ದು ಪ್ರಖರವಾಗಿದ್ದಾಗ ಶಾರ್ಕುಗಳು ಎರಗುವುದು ತೀರ ಕಡಿಮೆಯಾಯಿತು. ಉದ್ದುದ್ದಕ್ಕೆ ಇಟ್ಟ ದೀಪ ಅಷ್ಟು ಕೆಲಸ ಮಾಡಲಿಲ್ಲ. ಇಲ್ಲಿಯೂ ಪಟ್ಟೆಯೇ, ಆದರೆ ಹೆದರಿಸುವ ಪಟ್ಟೆ ಅಲ್ಲ. ಆ ಕಪ್ಪು ಆಕಾರವನ್ನು ತುಂಡು ತುಂಡು ಮಾಡಿ, ಅಲ್ಲೊಂದು ಬೇಟೆ ಇದೆ ಎಂಬುದೇ ತಿಳಿಯದಂತೆ ಮಾಡುವ ಪಟ್ಟೆ.

ನಾನು ಇಂದು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಈ ವ್ಯತ್ಯಾಸವನ್ನೇ. ಪಟ್ಟೆ ಎರಡು ರೀತಿಯಲ್ಲಿ ಕೆಲಸ ಮಾಡೀತು. ಒಂದು, ‘ನಾನು ಅಪಾಯ’ ಎಂದು ಸುಳ್ಳು ಹೇಳಿ ಹೆದರಿಸುವುದು. ಇನ್ನೊಂದು, ನೋಡುವ ಕಣ್ಣಿನ ಲೆಕ್ಕವನ್ನೇ ತಪ್ಪಿಸುವುದು. ಮೊದಲನೆಯದು ಬೇಗ ಸವೆಯುತ್ತದೆ, ಎರಡನೆಯದು ಬಾಳುತ್ತದೆ.

ಹಟ್ಟಿಯಲ್ಲಿ ದನ ಇರುವವರಿಗೆ ಎರಡನೆಯದಕ್ಕೆ ಹತ್ತಿರದ ಉದಾಹರಣೆ ಇದೆ. 2019ರಲ್ಲಿ ಜಪಾನಿನ ತೊಮೊಕಿ ಕೊಜಿಮಾ ಮತ್ತು ಸಂಗಡಿಗರು ಕಪ್ಪು ದನಗಳ ಮೈಮೇಲೆ ಬಿಳಿಯ ಬಣ್ಣದಿಂದ ಜೀಬ್ರಾದಂತೆ ಪಟ್ಟೆ ಎಳೆದರು. ರಕ್ತ ಹೀರುವ ನೊಣಗಳು ಆ ದನಗಳ ಮೇಲೆ ಕೂರುವುದು ಸುಮಾರು ಅರ್ಧಕ್ಕರ್ಧ ಇಳಿಯಿತು. ಅದೇ ವರ್ಷ ಟಿಮ್ ಕ್ಯಾರೊ ಎಂಬ ಜೀವವಿಜ್ಞಾನಿಯ ತಂಡ ಕುದುರೆಗಳಿಗೆ ಪಟ್ಟೆಯ ಹೊದಿಕೆ ಹೊದಿಸಿ ನೋಡಿತ್ತು. ನೊಣಗಳು ಹತ್ತಿರಕ್ಕೆ ಮೊದಲಿನಷ್ಟೇ ಬಂದವು, ಆದರೆ ಇಳಿಯುವ ಹೊತ್ತಿಗೆ ವೇಗ ತಗ್ಗಿಸಲಾರದೆ ಡಿಕ್ಕಿ ಹೊಡೆದೋ ದಾಟಿಯೋ ಹೋದವು. ನೊಣಕ್ಕೆ ಭಯವೇನೂ ಆಗಲಿಲ್ಲ. ಅದರ ಕಣ್ಣೇ ಅದಕ್ಕೆ ಕೈಕೊಟ್ಟಿತು. ಭಯವಿಲ್ಲದ ಕಡೆ ಭಯ ಕಳೆದುಕೊಳ್ಳುವ ಮಾತೂ ಇಲ್ಲ.

ಮೊದಲನೆಯದರ ಆಯುಷ್ಯ ಎಷ್ಟು ಎಂಬುದನ್ನು ಸುಂದರಬನದ ಹುಲಿಗಳು ಕಲಿಸಿದವು. ಹುಲಿ ಸಾಮಾನ್ಯವಾಗಿ ಹಿಂದಿನಿಂದ ಎರಗುತ್ತದೆ. ಅದಕ್ಕೇ 1986ರಲ್ಲಿ ಅಲ್ಲಿನ ಕಾಡಿಗೆ ಜೇನು, ಸೌದೆ, ಮೀನಿಗೆ ಹೋಗುವವರು ತಲೆಯ ಹಿಂಬದಿಗೆ ಮನುಷ್ಯನ ಮುಖವಾಡ ಕಟ್ಟಿಕೊಳ್ಳುವ ಏರ್ಪಾಡು ಬಂತು. ಆರಂಭದ ಕಾಲದಲ್ಲಿ ಮುಖವಾಡ ತೊಟ್ಟವರ ತಂಟೆಗೆ ಹುಲಿ ಹೋಗಲಿಲ್ಲ, ತೊಡದವರು ಸತ್ತರು. ವರ್ಷಗಳು ಕಳೆದಂತೆ ಮುಖವಾಡದ ಮೊನಚು ಹೋಯಿತು, ಹುಲಿಗೆ ಅದು ಅಭ್ಯಾಸವಾಯಿತು. ಇದಕ್ಕೆ ಎದುರಾಗಿ ಬೊಟ್ಸ್ವಾನಾ ದೇಶದಿಂದ 2020ರಲ್ಲಿ ಬಂದ ವರದಿಯನ್ನು ಇಡಬಹುದು. ಒಕವಾಂಗೊ ಪ್ರದೇಶದಲ್ಲಿ ನೀಲ್ ಜೋರ್ಡನ್ ಮತ್ತು ಸಂಗಡಿಗರು ಹಳ್ಳಿಗರ ದನಗಳ ಪೃಷ್ಠದ ಮೇಲೆ ದೊಡ್ಡ ಕಣ್ಣುಗಳನ್ನು ಬರೆದರು. 14 ಹಿಂಡುಗಳು, 2,061 ದನಗಳು, ನಾಲ್ಕು ವರ್ಷ. ಕಣ್ಣು ಬರೆದ 683 ದನಗಳಲ್ಲಿ ಒಂದನ್ನೂ ಸಿಂಹ, ಚಿರತೆ ಕೊಲ್ಲಲಿಲ್ಲ. ಏನೂ ಬರೆಯದ 835ರಲ್ಲಿ 15 ಸತ್ತವು. ಕಣ್ಣಿನ ಬದಲು ಬರಿಯ ಕತ್ತರಿ ಗುರುತು ಹಾಕಿದ 543ರಲ್ಲಿ ನಾಲ್ಕು ಸತ್ತವು.

ಆ ಕತ್ತರಿ ಗುರುತಿನ ದನಗಳೇ ಈ ಪ್ರಯೋಗದ ಬೆಲೆ. ಬಣ್ಣ ಹಚ್ಚಿದ್ದಕ್ಕೆ ಉಳಿದವೋ, ಕಣ್ಣಿನ ಆಕಾರಕ್ಕೆ ಉಳಿದವೋ ಎಂಬ ಪ್ರಶ್ನೆಯನ್ನು ಅವರು ಮೊದಲೇ ಕೇಳಿಕೊಂಡಿದ್ದರು. ಅಲ್ಲದೆ ಒಂದೇ ಹಿಂಡಿನಲ್ಲಿ ಮೂರೂ ಬಗೆ ಇದ್ದದ್ದರಿಂದ ಮಳೆ, ಬಿಸಿಲು, ಸಿಂಹದ ಹಸಿವು ಎಲ್ಲಕ್ಕೂ ಸಮಾನ. ಇನ್ನೊಂದು ಗುಟ್ಟೂ ಇದೆ. ಹೊಂಚಿ ಬೇಟೆಯಾಡುವ ಪ್ರಾಣಿ ತನ್ನನ್ನು ಬೇಟೆ ನೋಡಿಬಿಟ್ಟಿತು ಎಂದು ತಿಳಿದರೆ ಸುಮ್ಮನೆ ಎದ್ದು ಹೋಗುತ್ತದೆ. ಅದಕ್ಕೆ ಅದು ನಷ್ಟವಲ್ಲ, ಇನ್ನೊಂದು ಬೇಟೆ ಸಿಗುತ್ತದೆ. ಮಂಗ ಹಾಗಲ್ಲ. ಅದು ಹಗಲಿಡೀ ಕೂತು ನೋಡುತ್ತದೆ, ಹಿಂಡಿನಲ್ಲಿ ಒಬ್ಬ ಕಲಿತದ್ದನ್ನು ಉಳಿದವರು ಕಲಿಯುತ್ತಾರೆ. ಮೋಸ ಹಿಡಿಯುವುದರಲ್ಲಿ ಅದಕ್ಕೆ ಸಮ ಯಾರೂ ಇಲ್ಲ.

ಇನ್ನು ನಮ್ಮ ಹುಲಿಗೊಂಬೆಯ ಬಣ್ಣದ ವಿಚಾರ. ಜಿಂಕೆ, ಕಾಟಿ, ಹಂದಿಗಳ ಕಣ್ಣಿನಲ್ಲಿ ಬಣ್ಣದ ಕೋಶ ಎರಡೇ ಬಗೆ. ಬ್ರಿಸ್ಟಲ್ ವಿಶ್ವವಿದ್ಯಾನಿಲಯದವರು 2019ರಲ್ಲಿ ಲೆಕ್ಕ ಹಾಕಿ ತೋರಿಸಿದಂತೆ ಜಿಂಕೆಯ ಕಣ್ಣಿಗೆ ಹುಲಿಯ ಕಿತ್ತಳೆ ಬಣ್ಣವೂ ಎಲೆಯ ಹಸಿರೂ ಬಹುತೇಕ ಒಂದೇ. ಹಾಗಾಗಿ ಹಂದಿಗೆಂದು ಕಿತ್ತಳೆ ಬಣ್ಣದ ಬೊಂಬೆ ನಿಲ್ಲಿಸುವುದರಲ್ಲಿ ಅರ್ಥವಿಲ್ಲ. ಗದ್ದೆಯ ಸುತ್ತ ಹಳೆಯ ಸೀರೆ ಕಟ್ಟುವವರಿಗೂ ಇದೇ ಮಾತು. ಸೀರೆಯ ಬಣ್ಣದ ಮೇಲೆ ಭರವಸೆ ಇಡಬೇಡಿ. ಮಂಗನ ಕಣ್ಣು ಮಾತ್ರ ನಮ್ಮ ಕಣ್ಣಿನ ಹಾಗೆಯೇ, ಮೂರು ಬಗೆಯ ಕೋಶ. ನಮಗೆ ಕಾಣುವ ಬಣ್ಣ ಅದಕ್ಕೂ ಕಾಣುತ್ತದೆ. ಬೊಂಬೆ ಅದಕ್ಕೆ ಚೆನ್ನಾಗಿಯೇ ಕಾಣುತ್ತದೆ.

ಆದರೆ ಮಂಗ ಯಾವುದಕ್ಕೆ ಹೆದರಬೇಕೆಂದು ಹುಟ್ಟಿದೆ? ನಮ್ಮ ದಕ್ಷಿಣದ ಟೊಪ್ಪಿ ಮಂಗನ ಮುಖ್ಯ ವೈರಿ ಹುಲಿ ಅಲ್ಲ, ಚಿರತೆ. ಮರ ಹತ್ತುವುದು, ರಾತ್ರಿ ಮಲಗಿದಲ್ಲಿಗೆ ಬರುವುದು ಅದು. ರಿಚರ್ಡ್ ಕಾಸ್ ಮತ್ತು ಉಮಾ ರಾಮಕೃಷ್ಣನ್ ದಕ್ಷಿಣ ಭಾರತದಲ್ಲಿ ಇದೇ ಮಂಗಗಳೆದುರು ಚಿರತೆಯ ಮಾದರಿಗಳನ್ನಿಟ್ಟು ಮಾಡಿದ ಅಭ್ಯಾಸ 2000ದಲ್ಲಿ ಪ್ರಕಟವಾಯಿತು. ಹಳದಿ ಮೈಯ ಮೇಲೆ ಚುಕ್ಕೆ ಇರುವ ಒಂದು ಮಾದರಿ, ಕಪ್ಪು ಚಿರತೆಯ ಒಂದು ಮಾದರಿ. ಚುಕ್ಕೆಯದನ್ನು ಕಂಡ ಕೂಡಲೆ ಮಂಗಗಳು ಕೂಗಿ ಓಡುವುದು ಹೆಚ್ಚು ಜೋರಾಗಿತ್ತು. 2005ರ ಇನ್ನೊಂದು ವರದಿಯಲ್ಲಿ ಅವರು ಚಿರತೆಯನ್ನು ಅರ್ಧ ಮರೆಮಾಡಿ ತೋರಿಸಿದರು. ಮುಖ ಕಾಣದಿದ್ದರೂ ಚುಕ್ಕೆಯ ಮೈಯೊಂದೇ ಕಂಡರೆ ಮಂಗನಿಗೆ ಗುರುತು ಸಿಗುತ್ತಿತ್ತು. ತಲೆತಲಾಂತರದಿಂದ ಆ ಚುಕ್ಕೆ ಅದರ ನೆತ್ತರಿನಲ್ಲಿ ಇಳಿದಿದೆ.

ಇದನ್ನು ಓದಿದಾಗ ನನಗೆ ಹೊಳೆದದ್ದು: ನಾವು ತಪ್ಪು ವೇಷವನ್ನು ಆರಿಸಿಕೊಂಡಿದ್ದೇವೆ. ನವರಾತ್ರಿಯಲ್ಲಿ ನಮ್ಮ ಹುಲಿವೇಷದ ಬಣ್ಣಗಾರರು ಪಟ್ಟೆಯ ಹುಲಿಯಾದ ಪಟ್ಟೆಪಿಲಿಯನ್ನೂ ಬರೆಯುತ್ತಾರೆ, ಚುಕ್ಕೆಯ ಚಿರತೆಯಾದ ಚಿಟ್ಟೆಪಿಲಿಯನ್ನೂ ಬರೆಯುತ್ತಾರೆ. ತೋಟಕ್ಕೆ ಬೇಕಾದದ್ದು ಚಿಟ್ಟೆಪಿಲಿ. ಅಂಗಡಿಯಲ್ಲಿ ಸಿಗುವ ಪಟ್ಟೆಯ ಬೊಂಬೆಗಿಂತ ಹಳದಿ ಬಟ್ಟೆಯ ಮೇಲೆ ಕಪ್ಪು ಚುಕ್ಕೆ ಬರೆದು ಎಲೆಯ ಮರೆಯಲ್ಲಿ ಅರ್ಧ ಕಾಣುವ ಹಾಗೆ ಇಟ್ಟದ್ದು ಹೆಚ್ಚು ದಿನ ಬಾಳೀತು. ಅರ್ಧ ಕಂಡ ಚಿರತೆ ಹೊಂಚುವ ಚಿರತೆ. ಅದು ಅಲುಗದೆ ಕೂತರೂ ಮಂಗನಿಗೆ ಅನುಮಾನ ಬರುವುದು ತಡವಾಗಿ. ಪೂರ್ತಿ ಕಾಣುವ ಕವಲಿನಲ್ಲಿ ಹಗಲಿಡೀ ಕೂತ ಬೊಂಬೆಯ ಮೇಲೆ ಅನುಮಾನ ಬೇಗ ಬರುತ್ತದೆ. ಸಂಜೆಗೆ ತೆಗೆದು ಒಳಗಿಡಬೇಕು, ನಾಳೆ ಬೇರೆ ಮೂಲೆಯಲ್ಲಿ ಇಡಬೇಕು, ನಾಲ್ಕು ದಿನ ಇಡಲೇಬಾರದು. ಬೊಂಬೆ ಇರುವ ಕಡೆಯಲ್ಲೇ ನಾಯಿ ಬೊಗಳುತ್ತ ಬರಬೇಕು, ಮನುಷ್ಯ ಕೂಗುತ್ತ ಬರಬೇಕು. ಸುಳ್ಳಿನ ಬೆನ್ನಿಗೆ ಆಗಾಗ ಒಂದು ನಿಜ ನಿಲ್ಲದಿದ್ದರೆ ಆ ಸುಳ್ಳು ಉಳಿಯುವುದಿಲ್ಲ.

ಎಚ್ಚರಿಕೆಯ ಒಂದು ಮಾತು: ನಾಯಿಗೆ ಪಟ್ಟೆ ಬರೆಯುವ ಆಸೆ ಕೆಲವರಿಗಿದೆ. ಬಣ್ಣದಲ್ಲಿರುವ ರಾಸಾಯನಿಕ ನಾಯಿಯ ಚರ್ಮವನ್ನು ಸುಡಬಹುದು, ಅದು ಮೈ ನೆಕ್ಕಿಕೊಂಡು ಹೊಟ್ಟೆಗೂ ಹೋಗಬಹುದು. ದಯವಿಟ್ಟು ಬೇಡ. ಬಟ್ಟೆಯ ಹೊದಿಕೆ ಹೊಲಿಸಿ ತೊಡಿಸಿದರೆ ಸಾಕು, ಪರೀಕ್ಷೆಗೂ ಅದೇ ಅನುಕೂಲ, ಇವತ್ತು ಹಾಕಬಹುದು, ನಾಳೆ ತೆಗೆಯಬಹುದು.

ಕಡಬ, ಸುಬ್ರಹ್ಮಣ್ಯ, ಸುಳ್ಯದ ಕಾಡಂಚಿನವರು ಇಷ್ಟರಲ್ಲಿ ಕೇಳಿರುತ್ತಾರೆ, ಆನೆಗೆ ಏನು ಹೇಳುತ್ತೀರಿ ಎಂದು. 2023ರ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಬೆಳಗಿನ ಹೊತ್ತು ಇಬ್ಬರು ಆನೆಗೆ ಬಲಿಯಾದದ್ದನ್ನು ನಾವು ಯಾರೂ ಮರೆತಿಲ್ಲ. ಅದರೆದುರು ಯಾವ ಚಿತ್ತಾರವೂ ನಿಲ್ಲುವುದಿಲ್ಲ. ಆನೆ ಕಣ್ಣಿಗಿಂತ ಮೂಗು, ಕಿವಿಗಳ ಪ್ರಾಣಿ, ಹೆಚ್ಚಾಗಿ ಬರುವುದೂ ಕತ್ತಲೆಯಲ್ಲಿ. 2021ರಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಕೊಡಗಿನ ಕಾಡಂಚಿನಲ್ಲಿ ಜೇನುಪೆಟ್ಟಿಗೆಯ ಬೇಲಿಯ ಯೋಜನೆ ಆರಂಭಿಸಿತು. ಜೇನಿನ ಸದ್ದಿನ ಹಿಂದೆ ನಿಜವಾದ ಮುಳ್ಳಿದೆ ಎಂಬುದಷ್ಟೇ ಅದರ ಬಲ. ಆದರೂ ಆನೆಯ ಪ್ರಶ್ನೆ ತೋಟದ ಮಾಲೀಕ ಒಬ್ಬನೇ ಬಗೆಹರಿಸುವಂಥದ್ದಲ್ಲ. ಕಂದಕ, ಸೌರಬೇಲಿ, ಕಾವಲು ಪಡೆ, ಕಾಡಿನೊಳಗಿನ ಮೇವು ನೀರು, ಎಲ್ಲವೂ ಸರಕಾರದ ಹೊಣೆ. ರೈತನ ಕೈಗೆ ಒಂದು ಬೊಂಬೆ ಕೊಟ್ಟು ಆ ಹೊಣೆಯಿಂದ ಯಾರೂ ಜಾರಿಕೊಳ್ಳಬಾರದು.

ಮಂಗನ ಬಗ್ಗೆಯೂ ನ್ಯಾಯದ ಮಾತು ಹೇಳಬೇಕು. ತೋಟದಲ್ಲಿ ನಮಗೆ ಕಾಣುವುದು ನೂರಾರು, ಆದರೆ ಒಟ್ಟಿನಲ್ಲಿ ಈ ಟೊಪ್ಪಿ ಮಂಗಗಳು ಕಡಿಮೆಯಾಗುತ್ತಿವೆ. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಮತ್ತು ಸಂಗಡಿಗರು 2017ರಲ್ಲಿ ಬರೆದ ವರದಿಯಂತೆ ಅವರು ಎಣಿಸುತ್ತ ಬಂದ ದಕ್ಷಿಣ ಕರ್ನಾಟಕದ ಜಾಗಗಳಲ್ಲಿ 25 ವರ್ಷದೊಳಗೆ ಶೇಕಡಾ 65ಕ್ಕಿಂತ ಹೆಚ್ಚು ಮಂಗಗಳು ಇಲ್ಲವಾದವು. ರಸ್ತೆ ಬದಿಯ ಆಲ, ಗೋಳಿ ಮರಗಳು ಹೋದವು, ಮಂಗಗಳೂ ಹೋದವು. ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಅದು ಈಗ ಅಳಿವಿನ ಭೀತಿಯ ಸಾಲಿನಲ್ಲಿದೆ. ದಕ್ಷಿಣ ಭಾರತ ಬಿಟ್ಟರೆ ಅದಕ್ಕೆ ಬೇರೆ ನೆಲವಿಲ್ಲ. ವಿಷ ಇಟ್ಟು ಕೊಲ್ಲುವ ಯೋಚನೆ ಕಾನೂನಿಗೂ ವಿರುದ್ಧ, ನಮ್ಮ ಮನಸ್ಸಿಗೂ ಒಗ್ಗದ್ದು. ಕೊಲ್ಲದೆ ದೂರ ಇಡುವ ಉಪಾಯ ಹುಡುಕುತ್ತಿರುವ ರೈತನನ್ನು ನಾನು ಗೌರವಿಸುತ್ತೇನೆ. ಆ ಹುಡುಕಾಟಕ್ಕೆ ಸ್ವಲ್ಪ ಶಿಸ್ತು ಸೇರಲಿ ಎಂಬುದಷ್ಟೇ ನನ್ನ ಆಸೆ.

ಶಿಸ್ತು ಎಂದರೆ ದೊಡ್ಡದೇನಲ್ಲ. ಒಂದು ಬೈಲಿನಲ್ಲಿ ಅಕ್ಕಪಕ್ಕದ ಆರೇಳು ತೋಟದವರು ಒಟ್ಟಾಗಿ ಕೂರಿ. ಇಬ್ಬರು ಪಟ್ಟೆಯ ಬೊಂಬೆ ಇಡಿ, ಇಬ್ಬರು ಚುಕ್ಕೆಯದು ಇಡಿ, ಇಬ್ಬರು ಯಾವ ಗುರುತೂ ಇಲ್ಲದ ಅದೇ ಗಾತ್ರದ ಬೊಂಬೆ ಇಡಿ. ಒಬ್ಬರಾದರೂ ಏನನ್ನೂ ಇಡದೆ ಇರಿ. ಈ ಕೊನೆಯವರ ತೋಟವೇ ನಿಮ್ಮ ಪ್ರಯೋಗಕ್ಕೆ ಆಧಾರ, ಅವರ ನಷ್ಟವನ್ನು ಉಳಿದವರು ಹಂಚಿಕೊಳ್ಳಿ. ತಿಂಗಳಿಗೊಮ್ಮೆ ತೋಟ ಬದಲಿಸಿ. ಪ್ರತಿ ದಿನ ಹಿಂಡು ಬಂತೇ, ಎಷ್ಟು ಹೊತ್ತಿಗೆ ಬಂತು, ಎಷ್ಟು ಕೊಕ್ಕೋ ಕಾಯಿ ತೂತಾಯಿತು, ಎಷ್ಟು ಬೊಂಡ ಬಿತ್ತು, ಗುಡ್ಡೆಯಲ್ಲಿ ಹಲಸೋ ಮಾವೋ ಹಣ್ಣಾಗಿತ್ತೇ, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಶಾಲೆಗೆ ಹೋಗುವ ಮಕ್ಕಳಿಗೆ ಈ ಕೆಲಸ ವಹಿಸಿದರೆ ಅವರು ನಮಗಿಂತ ಚೆನ್ನಾಗಿ ಮಾಡುತ್ತಾರೆ. ಒಂದು ವರ್ಷದ ಪುಸ್ತಕ ಕೈಯಲ್ಲಿದ್ದರೆ ವಿಟ್ಲದ ತೋಟಗಾರಿಕಾ ಬೆಳೆಗಳ ಸಂಶೋಧನಾ ಕೇಂದ್ರದ ವಿಜ್ಞಾನಿಗಳ ಮುಂದೆಯೋ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿಯೋ ಇಟ್ಟು ಕೇಳಬಹುದು. ಬರಿಯ ಮಾತಿಗೆ ಸಿಗದ ಬೆಲೆ ಆ ಲೆಕ್ಕಕ್ಕೆ ಸಿಗುತ್ತದೆ.

ಪಟ್ಟೆಯ ವೆಟ್‌ಸೂಟ್ ಬಗ್ಗೆ ಕೇಳಿದರೆ ನನ್ನ ತೀರ್ಪು ಇದು: ಶಾರ್ಕಿನ ಕಣ್ಣಿನ ವಿಜ್ಞಾನ ಗಟ್ಟಿ, ಅದರ ಮೇಲೆ ಹೊಲಿದ ಉಡುಪಿನ ಭರವಸೆ ಅಷ್ಟು ಗಟ್ಟಿಯಲ್ಲ. ಜೀವವನ್ನು ಅದೊಂದಕ್ಕೇ ಒಪ್ಪಿಸಿ ನೀರಿಗಿಳಿಯಬಾರದು. ನಮ್ಮ ಹುಲಿಗೊಂಬೆಯದೂ ಅದೇ ದರ್ಜೆ. ಹಣ ಕೊಟ್ಟು ಕೊಳ್ಳುವ ಮುಂಚೆ ಅಂಗಡಿಯವರನ್ನು ಕೇಳಿ, ಇದನ್ನು ಯಾವ ತೋಟದಲ್ಲಿ, ಎಷ್ಟು ದಿನ, ಯಾವುದರ ಜತೆ ಹೋಲಿಸಿ ನೋಡಿದ್ದೀರಿ ಎಂದು. ಉತ್ತರ ಬರದಿದ್ದರೆ ಆ ಹಣದಲ್ಲಿ ಹಳದಿ ಬಟ್ಟೆ, ಕಪ್ಪು ಬಣ್ಣ ತನ್ನಿ, ನೆರೆಯವರನ್ನು ಕರೆಯಿರಿ, ಈ ಮಳೆಗಾಲ ಮುಗಿದ ಕೂಡಲೆ ಲೆಕ್ಕದ ಪುಸ್ತಕ ತೆರೆಯಿರಿ.